ಲಿವರ್ ತೊಂದರೆ ಎಂದು ಬಂದ ಹುಡುಗ: ಸ್ನಾಯುವಿನ ಒಂದು ಪ್ರಕರಣ

ಈ ಹುಡುಗನಿಗೆ ಆಗ ಐದು ವರ್ಷ. ಗುರುತು ಸಿಗದಿರಲೆಂದು ಹೆಸರು, ಊರು, ಆಸ್ಪತ್ರೆ ಯಾವುದನ್ನೂ ಹೇಳಿಲ್ಲ. ಮಕ್ಕಳ ವಿಭಾಗದ ಕಿರಿಯ ವೈದ್ಯರನ್ನೂ ಅಂಗರಚನೆ ಓದುತ್ತಿರುವ ವಿದ್ಯಾರ್ಥಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಸ್ನಾಯು ಅಂಗಾಂಶದಲ್ಲಿ ಮೂರು ವಿಧ, ಅಸ್ಥಿ ಸ್ನಾಯುವಿನಲ್ಲಿ ಪಟ್ಟೆಗಳಿರುತ್ತವೆ, ಹೃದಯ ಸ್ನಾಯು ಕವಲೊಡೆದಿರುತ್ತದೆ ಎಂದು ಪರೀಕ್ಷೆಗೆ ಉರುಹೊಡೆದು ಮರೆಯುವ ಪಾಠವಿದೆಯಲ್ಲ, ಈ ಮಗುವಿನ ಚಿಕಿತ್ಸೆಯ ಒಂದೊಂದು ತೀರ್ಮಾನವೂ ನಿಂತಿದ್ದು ಅದೇ ಪಾಠದ ಮೇಲೆ.

ಹಿನ್ನೆಲೆ

ಜ್ವರ, ಕೆಮ್ಮು ಎಂದು ಮಗುವನ್ನು ಮೊದಲು ವೈದ್ಯರ ಬಳಿ ಕರೆದೊಯ್ದಿದ್ದರು. ಆಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ, ಲಿವರಿನ ಸ್ಥಿತಿ ತಿಳಿಯಲು ಅಳೆಯುವ ಕಿಣ್ವಗಳಾದ ಎಸ್‌ಜಿಪಿಟಿ 310, ಎಸ್‌ಜಿಒಟಿ 260 ಬಂತು. ಎರಡೂ ಸಾಮಾನ್ಯ ಮಟ್ಟಕ್ಕಿಂತ ಹಲವು ಪಟ್ಟು ಹೆಚ್ಚು. ವರದಿಯಲ್ಲಿ ಈ ಎರಡು ಅಂಕಿಗಳು ಇದ್ದದ್ದು 'ಲಿವರ್ ಫಂಕ್ಷನ್ ಟೆಸ್ಟ್' ಎಂಬ ತಲೆಬರಹದ ಕೆಳಗೆ. ಜ್ವರ ಬಿಟ್ಟಿತು, ಅಂಕಿಗಳು ಇಳಿಯಲಿಲ್ಲ.

ಮುಂದಿನ ಕೆಲವು ತಿಂಗಳು ಕುಟುಂಬ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯಿತು. ಹೆಪಟೈಟಿಸ್ ಎ, ಬಿ, ಸಿ ಯಾವುದೂ ಇರಲಿಲ್ಲ. ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಯ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಲಿವರ್ ಸರಿಯಾಗಿಯೇ ಕಂಡಿತು. ಲಿವರ್ ಕೆಲಸ ಮಾಡುತ್ತಿದೆಯೇ ಎಂದು ತೋರಿಸುವ ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಸಮಯ ಎಲ್ಲವೂ ಸಹಜ. ಆದರೂ ಮಗುವಿಗೆ ಪಥ್ಯ ಹಾಕಿದರು, ಲಿವರ್ ಟಾನಿಕ್ ಕೊಟ್ಟರು. ಅಂಕಿಗಳು ಜಗ್ಗಲಿಲ್ಲ. ಕೊನೆಗೆ ಲಿವರಿನ ಚೂರು ತೆಗೆದು ನೋಡೋಣ ಎಂದು ಬಯಾಪ್ಸಿಗೆ ದಿನ ಗೊತ್ತಾಯಿತು.

ಆ ಹೊತ್ತಿಗಾಗಲೇ ಕಡತದಲ್ಲಿದ್ದ ಒಂದು ಅಂಕಿಯ ಬಗ್ಗೆ ಇಲ್ಲೇ ಹೇಳಬೇಕು. ಜಿಜಿಟಿ ಎಂಬ ಕಿಣ್ವ ಸಹಜ ಮಟ್ಟದಲ್ಲಿತ್ತು. ಲಿವರ್ ಮತ್ತು ಪಿತ್ತನಾಳದ ಕೋಶಗಳಲ್ಲಿ ಜಿಜಿಟಿ ಧಾರಾಳವಾಗಿರುತ್ತದೆ, ಅಸ್ಥಿ ಸ್ನಾಯುವಿನಲ್ಲಿ ಇಲ್ಲವೆಂದೇ ಹೇಳಬೇಕು. ಎಸ್‌ಜಿಪಿಟಿ, ಎಸ್‌ಜಿಒಟಿಗಳ ಮಾತು ಬೇರೆ. ಅಮೈನೋ ಆಮ್ಲಗಳಿಂದ ಶಕ್ತಿ ಪಡೆಯುವ ಕೆಲಸ ಸ್ನಾಯುವಿನಲ್ಲೂ ನಡೆಯುವುದರಿಂದ ಇವೆರಡೂ ಅಲ್ಲಿವೆ. ತಿಂಗಳುಗಟ್ಟಲೆ ಎಸ್‌ಜಿಪಿಟಿ ಏರಿಯೇ ಇದ್ದು, ಜಿಜಿಟಿ ಮತ್ತು ಬಿಲಿರುಬಿನ್ ಸಹಜವಾಗಿದ್ದರೆ, ಈ ಕಿಣ್ವ ಯಾವ ಅಂಗಾಂಶದಿಂದ ಸೋರುತ್ತಿದೆ ಎಂಬ ಪ್ರಶ್ನೆ ಏಳಬೇಕು. ಇಲ್ಲಿ ಅದು ಏಳಲಿಲ್ಲ. ಎಸ್‌ಜಿಪಿಟಿಗಿಂತ ಎಸ್‌ಜಿಒಟಿ ಹೆಚ್ಚಿದ್ದರೆ ಮಾತ್ರ ಸ್ನಾಯುವನ್ನು ಶಂಕಿಸಬೇಕು ಎಂದು ಕೆಲವರು ನಂಬಿದ್ದಾರೆ. ಒಮ್ಮೆಗೇ ಪೆಟ್ಟು ತಿಂದ ಸ್ನಾಯುವಿನಲ್ಲಿ ಆ ಮಾತು ಬಹುಮಟ್ಟಿಗೆ ಸರಿ. ಆದರೆ ರಕ್ತದಲ್ಲಿ ಎಸ್‌ಜಿಒಟಿ ಬೇಗ ಕರಗುತ್ತದೆ, ಎಸ್‌ಜಿಪಿಟಿ ನಿಧಾನವಾಗಿ ಕರಗುತ್ತದೆ. ಸೋರಿಕೆ ದಿನವೂ ನಡೆಯುತ್ತಲೇ ಇದ್ದಾಗ ಎರಡೂ ಸಮಸಮವಾಗಬಹುದು, ಎಸ್‌ಜಿಪಿಟಿಯೇ ಮುಂದೆ ಹೋಗಲೂಬಹುದು. ಈ ಹುಡುಗನಲ್ಲಿ ಆದದ್ದು ಅದೇ.

ನೆಲದಿಂದ ಎದ್ದ ರೀತಿ

ಬಯಾಪ್ಸಿಗೆ ಮುಂಚೆ ಅರಿವಳಿಕೆ ತಜ್ಞೆಯ ತಪಾಸಣೆ ಇತ್ತು. ಅಮ್ಮ ಕಾಗದಪತ್ರ ತೆಗೆಯುತ್ತಿದ್ದಾಗ ಹುಡುಗ ನೆಲದ ಮೇಲೆ ಕೂತು ಆಟಿಕೆ ಕಾರು ಓಡಿಸುತ್ತಿದ್ದ. ಹಾಸಿಗೆಯ ಮೇಲೆ ಮಲಗು ಎಂದು ಕರೆದಾಗ ಎದ್ದ. ಮೊದಲು ಬೋರಲಾಗಿ ತಿರುಗಿದ, ಕೈಕಾಲು ನಾಲ್ಕನ್ನೂ ನೆಲಕ್ಕೂರಿ ಪೃಷ್ಠ ಎತ್ತಿದ, ಆಮೇಲೆ ಒಂದು ಕೈಯನ್ನು ಮಂಡಿಯ ಮೇಲಿಟ್ಟು, ಇನ್ನೊಂದನ್ನು ತೊಡೆಯ ಮೇಲಿಟ್ಟು, ತನ್ನ ಕಾಲುಗಳನ್ನೇ ಹಿಡಿದು ಮೇಲೇರುತ್ತ ನೆಟ್ಟಗಾದ.

ತಜ್ಞೆ ಅವನನ್ನು ಮತ್ತೆ ಕೂರಿಸಿ ಮತ್ತೆ ಏಳಿಸಿದರು. ಅದೇ ರೀತಿ. ಯಾವಾಗಿನಿಂದ ಹೀಗೆ ಏಳುತ್ತಾನೆ ಎಂದು ಕೇಳಿದರು. "ನಡೆಯೋಕೆ ಕಲಿತಾಗಿಂದಲೂ ಹೀಗೇ ಮೇಡಂ. ಸೋಮಾರಿ ಅಂತ ನಾವೇ ಬೈತಿದ್ವಿ" ಎಂದರು ಅಮ್ಮ. ಇನ್ನಷ್ಟು ಕೇಳಿದಾಗ ಇನ್ನಷ್ಟು ವಿವರ ಹೊರಬಂತು. ನಡೆದದ್ದೇ ಒಂದೂವರೆ ವರ್ಷಕ್ಕೆ. ಎರಡು ಕಾಲೂ ಒಟ್ಟಿಗೆ ಎತ್ತಿ ಜಿಗಿದದ್ದೇ ಇಲ್ಲ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಇಡುತ್ತಾನೆ. ಓಡಿದರೆ ವಾರಿಗೆಯವರಿಗಿಂತ ಹಿಂದೆ, ಬೀಳುವುದೂ ಹೆಚ್ಚು. ಮೀನಖಂಡ ಮಾತ್ರ ದಪ್ಪಗೆ, ಮುಟ್ಟಿದರೆ ಗಟ್ಟಿ. ಮನೆಯವರು ಅದನ್ನು ಬಲವಾದ ಕಾಲು ಎಂದೇ ತಿಳಿದಿದ್ದರು.

ತಜ್ಞೆ ಆ ದಿನದ ಬಯಾಪ್ಸಿ ನಿಲ್ಲಿಸಿದರು. ಈ ಪ್ರಕರಣದ ಅತಿ ದೊಡ್ಡ ತೀರ್ಮಾನ ಇದು. ನಿಲ್ಲಿಸಿದ ಕಾರಣ ಬರೀ ರೋಗನಿರ್ಣಯದ ಅನುಮಾನವಲ್ಲ. ಸ್ನಾಯುಕ್ಷಯ, ಅಂದರೆ ಸ್ನಾಯು ಕ್ರಮೇಣ ಸವೆಯುವ ಕಾಯಿಲೆ, ಇರುವ ಮಕ್ಕಳಿಗೆ ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧ ಕೊಟ್ಟರೆ, ಮೊದಲೇ ದುರ್ಬಲವಾಗಿರುವ ಸ್ನಾಯುಕೋಶಗಳಿಂದ ಪೊಟ್ಯಾಸಿಯಂ ಒಮ್ಮೆಗೇ ರಕ್ತಕ್ಕೆ ನುಗ್ಗಿ ಹೃದಯ ನಿಂತುಹೋಗಬಹುದು. ಉಸಿರಿನ ಮೂಲಕ ಕೊಡುವ ಅರಿವಳಿಕೆ ಅನಿಲಗಳಿಂದಲೂ ಸ್ನಾಯು ಕರಗುವ ಅಪಾಯವಿದೆ. ಕಾಯಿಲೆ ಇನ್ನೂ ಪತ್ತೆಯಾಗದ ಗಂಡುಮಕ್ಕಳಲ್ಲಿ ಇಂಥ ಸಾವುಗಳು ಆದದ್ದರಿಂದಲೇ ಸಕ್ಸಿನೈಲ್‌ಕೋಲಿನ್ ಜೊತೆ ಬರುವ ಎಚ್ಚರಿಕೆಯಲ್ಲಿ ಈ ಮಾತು ಸೇರಿದೆ. ಅಂದರೆ, ಅನಗತ್ಯವಾದ ಒಂದು ಬಯಾಪ್ಸಿ ಜೀವಕ್ಕೇ ಕುತ್ತು ತರಬಹುದಿತ್ತು.

ಅಂದೇ ಸಿಪಿಕೆ ಎಂಬ ಸ್ನಾಯುವಿನ ಕಿಣ್ವದ ಪರೀಕ್ಷೆಗೆ ರಕ್ತ ಕಳಿಸಿದರು. ಬಂದ ಉತ್ತರ 18,400. ಸಹಜ ಮಟ್ಟ ಸುಮಾರು 200ರೊಳಗೆ. ಆ ಸಂಜೆ ಮಗು ನಮ್ಮ ನರ-ಸ್ನಾಯು ವಿಭಾಗಕ್ಕೆ ಬಂತು.

ಕಿಣ್ವ ಸೋರುವುದು ಎಲ್ಲಿಂದ

ಸಿಪಿಕೆ, ಅಂದರೆ ಕ್ರಿಯಾಟಿನ್ ಕೈನೇಸ್, ಸ್ನಾಯುವಿನೊಳಗೆ ಖರ್ಚಾದ ಎಟಿಪಿಯನ್ನು, ಅಂದರೆ ಕೋಶದ ಶಕ್ತಿಯ ನಾಣ್ಯವನ್ನು, ಮತ್ತೆ ತುಂಬಿಕೊಡುವ ಕಿಣ್ವ. ಇದು ಕೋಶದೊಳಗೆ ಇರಬೇಕಾದದ್ದು. ಹೊರಗೆ ಇಷ್ಟೊಂದು ಬಂದಿದೆ ಎಂದರೆ ಕೋಶದ ಪೊರೆ ಹರಿದಿರಬೇಕು. ಹರಿದದ್ದೇಕೆ ಎಂದು ತಿಳಿಯಲು ಸ್ನಾಯುವನ್ನು ಹೊರಗಿನಿಂದ ಒಳಕ್ಕೆ ಬಿಚ್ಚಿ ನೋಡಬೇಕು. ತಂದೆತಾಯಿಗೂ ನಾನು ಹಾಳೆಯ ಮೇಲೆ ಚಿತ್ರ ಬರೆದು ಹೇಳಿದ್ದು ಇದನ್ನೇ.

ಅಸ್ಥಿ ಸ್ನಾಯುವನ್ನು ಹಗ್ಗದಂತೆ ಊಹಿಸಿಕೊಳ್ಳಬಹುದು: ಹಗ್ಗದೊಳಗೆ ಹುರಿ, ಹುರಿಯೊಳಗೆ ಎಳೆ, ಎಳೆಯೊಳಗೆ ಇನ್ನೂ ಸಣ್ಣ ಎಳೆ. ಇಡೀ ಸ್ನಾಯುವನ್ನು ಸುತ್ತಿರುವ ಹೊದಿಕೆ ಎಪಿಮೈಸಿಯಮ್. ಒಳಗಿನ ಕಂತೆಗಳಿಗೆ ಪೆರಿಮೈಸಿಯಮ್. ಕಂತೆಯೊಳಗಿನ ಒಂದೊಂದು ನಾರಿಗೂ ಎಂಡೋಮೈಸಿಯಮ್ ಎಂಬ ತೆಳು ಹೊದಿಕೆ. ಈ ಮೂರೂ ಹೊದಿಕೆಗಳು ತುದಿಯಲ್ಲಿ ಕೂಡಿ ಸ್ನಾಯುರಜ್ಜುವಾಗಿ ಎಲುಬಿಗೆ ಅಂಟುತ್ತವೆ. ನಾರು ಎಂದರೆ ಒಂದೇ ಒಂದು ಕೋಶ. ಅಡ್ಡಗಲ 10ರಿಂದ 100 ಮೈಕ್ರಾನ್, ಉದ್ದ ಮಾತ್ರ ಸೆಂಟಿಮೀಟರುಗಳ ಲೆಕ್ಕದಲ್ಲಿ. ಭ್ರೂಣದಲ್ಲಿ ಹಲವು ಕೋಶಗಳು ಬೆಸೆದು ಒಂದಾಗಿರುವುದರಿಂದ ಒಂದು ನಾರಿನಲ್ಲಿ ನೂರಾರು ಕೋಶಕೇಂದ್ರಗಳು, ಎಲ್ಲವೂ ಅಂಚಿಗೆ ಒತ್ತಿಕೊಂಡಿರುತ್ತವೆ.

ನಾರಿನೊಳಗೆ ಮಯೋಫೈಬ್ರಿಲ್ ಎಂಬ ಎಳೆಗಳು. ಅವುಗಳ ಉದ್ದಕ್ಕೂ ಸಾರ್ಕೋಮಿಯರ್ ಎಂಬ ಘಟಕಗಳು ಸಾಲಾಗಿ ಜೋಡಣೆಯಾಗಿವೆ. ಒಂದು ಜ಼ೆಡ್ ರೇಖೆಯಿಂದ ಮುಂದಿನ ಜ಼ೆಡ್ ರೇಖೆಯವರೆಗೆ, ವಿಶ್ರಾಂತಿಯಲ್ಲಿ ಸುಮಾರು ಎರಡರಿಂದ ಎರಡೂವರೆ ಮೈಕ್ರಾನ್. ನಡುವೆ ದಪ್ಪನೆಯ ಮಯೋಸಿನ್ ತಂತುಗಳು, ಎರಡೂ ಬದಿಯಿಂದ ಚಾಚಿದ ತೆಳ್ಳನೆಯ ಆಕ್ಟಿನ್ ತಂತುಗಳು. ಕಪ್ಪು-ಬಿಳಿ ಪಟ್ಟೆ ಕಾಣುವುದು ಈ ಜೋಡಣೆಯಿಂದಲೇ. ಸ್ನಾಯು ಕುಗ್ಗುವಾಗ ತಂತುಗಳು ತಾವು ಗಿಡ್ಡವಾಗುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ. ಆಂಡ್ರ್ಯೂ ಹಕ್ಸ್ಲೀ ಮತ್ತು ನೀಡರ್‌ಗೆರ್ಕೆ, ಹ್ಯೂ ಹಕ್ಸ್ಲೀ ಮತ್ತು ಜೀನ್ ಹ್ಯಾನ್ಸನ್, ಈ ಎರಡು ಜೋಡಿಗಳು 1954ರಲ್ಲಿ ಬೇರೆಬೇರೆಯಾಗಿ ಇದನ್ನು ತೋರಿಸಿದರು.

ಪಾಠ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಈ ಹುಡುಗನ ಕಾಯಿಲೆ ಇರುವುದು ಇದರ ಮುಂದಿನ ಸಾಲಿನಲ್ಲಿ. ಒಳಗೆ ಎಳೆತ ಹುಟ್ಟಿತು ಸರಿ, ಆ ಎಳೆತದ ಭಾರ ತೆಳ್ಳನೆಯ ಕೋಶಪೊರೆಯ ಮೇಲೆ ಬೀಳದಂತೆ ಹೊರಗಿನ ಹೊದಿಕೆಗೆ ದಾಟಬೇಕು. ಆ ಕೊಂಡಿಯೇ ಡಿಸ್ಟ್ರೋಫಿನ್. ಪೊರೆಯ ಒಳಮೈಗೆ ಅಂಟಿಕೊಂಡಿರುವ ಉದ್ದನೆಯ ಪ್ರೋಟೀನು ಇದು. ಒಂದು ತುದಿ ಆಕ್ಟಿನ್ ಹಿಡಿದಿದೆ, ಇನ್ನೊಂದು ತುದಿ ಪೊರೆಯಲ್ಲಿರುವ ಡಿಸ್ಟ್ರೋಗ್ಲೈಕನ್ ಗುಂಪಿನ ಮೂಲಕ ಹೊರಗಿನ ಹೊದಿಕೆಯ ಪ್ರೋಟೀನಾದ ಲ್ಯಾಮಿನಿನ್‌ಗೆ ಸೇರುತ್ತದೆ. ಸ್ನಾಯುವಿನ ಒಟ್ಟು ಪ್ರೋಟೀನಿನಲ್ಲಿ ಇದರ ಪಾಲು ಸುಮಾರು 0.002 ಶೇಕಡಾ ಮಾತ್ರ. ಅಷ್ಟೂ ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಪೊರೆ ಅಲ್ಲಲ್ಲಿ ಬಿರಿಯುತ್ತದೆ. ಕ್ಯಾಲ್ಸಿಯಂ ಒಳನುಗ್ಗುತ್ತದೆ, ಪ್ರೋಟೀನು ಕತ್ತರಿಸುವ ಕಿಣ್ವಗಳು ಎಚ್ಚರಗೊಳ್ಳುತ್ತವೆ, ಸಿಪಿಕೆ ಮತ್ತು ಎಸ್‌ಜಿಪಿಟಿ ಹೊರಗೆ ಸೋರುತ್ತವೆ.

ನಾರಿನ ಅಂಚಿನಲ್ಲಿ ಸ್ಯಾಟಲೈಟ್ ಕೋಶಗಳು ಇರುವುದರಿಂದ ಮೊದಮೊದಲು ರಿಪೇರಿ ನಡೆಯುತ್ತದೆ. ಹಾನಿಯ ವೇಗಕ್ಕೆ ರಿಪೇರಿ ಸಾಲದೆ ಹೋದಾಗ ನಾರು ಸತ್ತ ಜಾಗದಲ್ಲಿ ಕೊಬ್ಬು ಮತ್ತು ಗಂಟುಕಟ್ಟಿದ ಸಂಯೋಜಕ ಅಂಗಾಂಶ ತುಂಬಿಕೊಳ್ಳುತ್ತವೆ. ಆ ದಪ್ಪ ಮೀನಖಂಡದ ಗುಟ್ಟು ಇದೇ. ಗಾತ್ರವಿದೆ, ಬಲವಿಲ್ಲ.

ಯಾವ ಪರೀಕ್ಷೆ ಮೊದಲು

ನಮ್ಮ ಮುಂದೆ ಎರಡು ದಾರಿ ಇದ್ದವು. ಸ್ನಾಯುವಿನ ಚೂರು ತೆಗೆದು ಡಿಸ್ಟ್ರೋಫಿನ್ ಇದೆಯೋ ಇಲ್ಲವೋ ಎಂದು ಬಣ್ಣ ಹಾಕಿ ನೋಡುವುದು, ಇಲ್ಲವೇ ರಕ್ತದಲ್ಲಿ ವಂಶವಾಹಿ ಪರೀಕ್ಷೆ. ತಂಡದ ಕಿರಿಯರೊಬ್ಬರು ಬಯಾಪ್ಸಿ ಬೇಗ ಆಗುತ್ತದೆ ಎಂದು ವಾದಿಸಿದರು. ಆ ವಾದದಲ್ಲಿ ಹುರುಳಿತ್ತು, ತಂದೆತಾಯಿ ಆಗಲೇ ತಿಂಗಳುಗಟ್ಟಲೆ ಕಾದು ಸೋತಿದ್ದರು. ಆದರೆ ಅರಿವಳಿಕೆಯ ಅಪಾಯ ಎದುರಿಗೇ ಇತ್ತು, ಬಯಾಪ್ಸಿ ಮಾಡಿದರೂ ತಾಯಿಯ ಬಗ್ಗೆ, ಮುಂದಿನ ಚಿಕಿತ್ಸೆಯ ಬಗ್ಗೆ ಬೇಕಾದ ಉತ್ತರ ವಂಶವಾಹಿಯಿಂದಲೇ ಬರಬೇಕು. ಡಿಸ್ಟ್ರೋಫಿನ್ ವಂಶವಾಹಿ ಮನುಷ್ಯನ ಅತಿ ಉದ್ದದ ವಂಶವಾಹಿಗಳಲ್ಲೊಂದು. ಎಕ್ಸ್ ವರ್ಣತಂತುವಿನ ಮೇಲಿದೆ, ಪ್ರೋಟೀನಿನ ಸೂಚನೆ ಹೊತ್ತ ತುಂಡುಗಳಾದ 79 ಎಕ್ಸಾನ್‌ಗಳಿವೆ. ಇದರಲ್ಲಿ ಆಗುವ ಲೋಪಗಳಲ್ಲಿ ಹೆಚ್ಚಿನವು ಒಂದೋ ಹಲವೋ ಎಕ್ಸಾನ್ ಕಳಚಿಹೋಗುವಂಥವು. ಅದನ್ನು ಪತ್ತೆಮಾಡಲು, ಯಾವ ಎಕ್ಸಾನ್ ಇದೆ ಯಾವುದಿಲ್ಲ ಎಂದು ಎಣಿಸುವ ಎಂಎಲ್‌ಪಿಎ ಪರೀಕ್ಷೆ ಸಾಕು. ಅದರಲ್ಲಿ ಸಿಗದಿದ್ದರೆ ಮಾತ್ರ ಇಡೀ ವಂಶವಾಹಿಯನ್ನು ಅಕ್ಷರ ಅಕ್ಷರ ಓದಿಸಬೇಕು. ರಕ್ತವನ್ನೇ ಕಳಿಸಿದೆವು.

ಉತ್ತರ ಬಂತು: 48ರಿಂದ 50ರವರೆಗಿನ ಎಕ್ಸಾನ್‌ಗಳು ಇಲ್ಲ. ಈ ಮೂರರ ಉದ್ದ 186, 102, 109 ಅಕ್ಷರಗಳು, ಒಟ್ಟು 397. ವಂಶವಾಹಿಯ ಭಾಷೆಯನ್ನು ಕೋಶ ಓದುವುದು ಮೂರು ಮೂರು ಅಕ್ಷರಗಳಾಗಿ. 397 ಮೂರರಿಂದ ಭಾಗವಾಗುವುದಿಲ್ಲ. ಹಾಗಾಗಿ ಲೋಪದಿಂದ ಮುಂದಿನ ಓದೆಲ್ಲ ತಪ್ಪಿ, ಡಿಸ್ಟ್ರೋಫಿನ್ ತಯಾರಾಗುವುದೇ ಇಲ್ಲ. ಇದು ಡುಶೆನ್ ಸ್ನಾಯುಕ್ಷಯ. ಲೋಪದ ಉದ್ದ ಮೂರರಿಂದ ಭಾಗವಾಗಿದ್ದರೆ ಮೊಟಕಾದರೂ ಕೆಲಸಕ್ಕೆ ಬರುವ ಪ್ರೋಟೀನು ಹುಟ್ಟಿ, ಸೌಮ್ಯವಾದ ಬೆಕರ್ ಸ್ನಾಯುಕ್ಷಯ ಆಗುವ ಸಾಧ್ಯತೆ ಹೆಚ್ಚಿತ್ತು. 51ನೇ ಎಕ್ಸಾನನ್ನೂ ಬಿಟ್ಟು ಓದುವಂತೆ ಮಾಡಿದರೆ 233 ಅಕ್ಷರ ಸೇರಿ 630 ಆಗುತ್ತದೆ, ಓದು ಮತ್ತೆ ಹಳಿಗೆ ಬರುತ್ತದೆ. 2016ರಲ್ಲಿ ಅಮೆರಿಕದಲ್ಲಿ ಷರತ್ತಿನ ಅನುಮತಿ ಪಡೆದ ಎಟೆಪ್ಲಿರ್ಸೆನ್ ಔಷಧದ ಹಿಂದಿನ ಲೆಕ್ಕ ಇದು. ತಂದೆ ಇಂಟರ್ನೆಟ್ಟಿನಲ್ಲಿ ಓದಿಕೊಂಡು ಬಂದು ಅದನ್ನು ಕೇಳಿದರು. ಅದರಿಂದ ಹುಟ್ಟುವ ಪ್ರೋಟೀನಿನ ಪ್ರಮಾಣ ತೀರ ಕಡಿಮೆ, ಕಾಯಿಲೆ ಗುಣವಾಗುವುದಿಲ್ಲ ಎಂದು ಹೇಳಿದೆ. ಆಸೆ ಹುಟ್ಟಿಸುವುದು ಸುಲಭವಾಗಿತ್ತು, ಆ ಮನೆಯವರಿಗೆ ಅದು ಅನ್ಯಾಯವಾಗುತ್ತಿತ್ತು.

ಉಳಿದ ಎರಡು ಸ್ನಾಯುಗಳು

ಡುಶೆನ್ ಎಂದರೆ ಕಾಲಿನ ಕಾಯಿಲೆ ಎಂದುಕೊಂಡವರು ಬಹಳ. ಡಿಸ್ಟ್ರೋಫಿನ್ ಹೃದಯ ಸ್ನಾಯುವಿನಲ್ಲೂ ಇದೆ, ಕರುಳು ಮತ್ತು ರಕ್ತನಾಳಗಳ ನುಣುಪು ಸ್ನಾಯುವಿನಲ್ಲೂ ಇದೆ.

ಹೃದಯದ ಕೋಶಗಳಲ್ಲಿ ಪಟ್ಟೆಗಳಿವೆ, ಸಾರ್ಕೋಮಿಯರ್ ಇದೆ. ಆದರೆ ಕೋಶ ಗಿಡ್ಡ, ಕವಲೊಡೆದದ್ದು, ಕೇಂದ್ರ ಒಂದೋ ಎರಡೋ, ಅದೂ ನಡುವಿನಲ್ಲಿ. ಕೋಶಗಳು ಒಂದಕ್ಕೊಂದು ಇಂಟರ್‌ಕ್ಯಾಲೇಟೆಡ್ ಡಿಸ್ಕ್‌ಗಳಲ್ಲಿ ಕೂಡಿಕೊಂಡು, ವಿದ್ಯುತ್ ಸಂಜ್ಞೆಯನ್ನು ದಾಟಿಸುತ್ತ ಒಟ್ಟಾಗಿ ಮಿಡಿಯುತ್ತವೆ. ಅಲ್ಲಿ ಸ್ಯಾಟಲೈಟ್ ಕೋಶಗಳಿಲ್ಲ. ಸತ್ತ ನಾರಿನ ಜಾಗಕ್ಕೆ ಬರುವುದು ಕಲೆ ಮಾತ್ರ. ಈ ಮಕ್ಕಳಲ್ಲಿ ಹೃದಯದ ದೌರ್ಬಲ್ಯ ಹದಿಹರೆಯದ ಹೊತ್ತಿಗೆ ಹೊರಗೆ ಕಾಣುವುದಾದರೂ, ಹಾನಿ ಅದಕ್ಕೂ ಮೊದಲೇ ಶುರುವಾಗಿರುತ್ತದೆ. ಓಡಾಡಲು ಆಗದ ಮಗುವಿಗೆ ಏದುಸಿರು ಬರುವ ಸಂದರ್ಭವೇ ಕಡಿಮೆ, ಆದ್ದರಿಂದ ಲಕ್ಷಣಕ್ಕಾಗಿ ಕಾಯಬಾರದು. ಪತ್ತೆಯಾದಾಗಲೇ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಆಮೇಲೆ ವರ್ಷಕ್ಕೊಮ್ಮೆ. ಎಕೋ ಸರಿಯಿದ್ದರೂ ಹತ್ತು ವರ್ಷದೊಳಗೆ ಹೃದಯದ ಹೊರೆ ಇಳಿಸುವ ಎಸಿಇ ಪ್ರತಿಬಂಧಕ ಮಾತ್ರೆ ಆರಂಭಿಸುವುದು ಈಗಿನ ರೂಢಿ.

ಇಲ್ಲೊಂದು ಗೊಂದಲವೂ ಆಯಿತು. ಹೊರಗಿನ ಪ್ರಯೋಗಾಲಯದ ವರದಿಯಲ್ಲಿ ಸಿಕೆ-ಎಂಬಿ, ಅಂದರೆ ಹೃದಯದಲ್ಲಿ ಹೆಚ್ಚಾಗಿರುವ ಸಿಪಿಕೆಯ ಬಗೆ, ಏರಿದ್ದನ್ನು ನೋಡಿ ಯಾರೋ ಹೃದಯಾಘಾತದ ಮಾತೆತ್ತಿದರು, ಮನೆಯವರು ಕಂಗಾಲಾದರು. ಮರುಹುಟ್ಟು ಪಡೆಯುತ್ತಿರುವ ಅಸ್ಥಿ ಸ್ನಾಯುವಿನ ನಾರುಗಳು ಭ್ರೂಣದ ಕಾಲದಂತೆ ಸಿಕೆ-ಎಂಬಿಯನ್ನು ತಯಾರಿಸುತ್ತವೆ. ಹಾಗಾಗಿ ಈ ಮಕ್ಕಳಲ್ಲಿ ಅದರಿಂದ ಹೃದಯವನ್ನು ಅಳೆಯಲಾಗದು. ಹೃದಯ ಸ್ನಾಯುವಿಗೆ ಹಾನಿಯಾದಾಗ ಏರುವ ಟ್ರೋಪೋನಿನ್ ಐ ಪರೀಕ್ಷೆ ಮಾಡಿಸಿದೆವು, ಸಹಜವಿತ್ತು. ಇಸಿಜಿ, ಎಕೋ ಕೂಡ ಕಳವಳಪಡುವಂತೆ ಇರಲಿಲ್ಲ.

ನುಣುಪು ಸ್ನಾಯುವಿನಲ್ಲಿ ಸಾರ್ಕೋಮಿಯರ್ ಇಲ್ಲ, ಕದಿರಿನಾಕಾರದ ಕೋಶ, ಒಂದೇ ಕೇಂದ್ರ, ನಿಧಾನ ಗತಿ. ಅಲ್ಲಿ ಕಾಣುವ ತೊಂದರೆಯೂ ನಿಧಾನದ್ದೇ: ಮಲಬದ್ಧತೆ, ಹೊಟ್ಟೆ ತಡವಾಗಿ ಖಾಲಿಯಾಗುವುದು. ಹುಡುಗನಿಗೆ ಮಲಬದ್ಧತೆ ಇತ್ತು. ಯಾರೂ ಕೇಳಿರದ ಕಾರಣ ಯಾರೂ ಹೇಳಿರಲಿಲ್ಲ.

ಮಾಡಿದ್ದು, ಆದದ್ದು

ಲಿವರ್ ಟಾನಿಕ್ ಮತ್ತು ಪಥ್ಯ ಎರಡನ್ನೂ ಅಂದೇ ನಿಲ್ಲಿಸಿದೆವು. ಬಾಕಿ ಇದ್ದ ಲಸಿಕೆಗಳನ್ನು ಮುಗಿಸಿ ಸ್ಟೀರಾಯ್ಡ್ ಆರಂಭಿಸಿದೆವು. ಈ ಕ್ರಮ ಮುಖ್ಯ. ಸ್ಟೀರಾಯ್ಡ್ ಶುರುವಾದ ಮೇಲೆ ಜೀವಂತ ರೋಗಾಣುವಿನ ಲಸಿಕೆ ಕೊಡುವುದು ತೊಡಕು. ಸ್ಟೀರಾಯ್ಡ್ ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ಮಗು ನಡೆಯುವ ವರ್ಷಗಳನ್ನು ಹೆಚ್ಚಿಸುತ್ತದೆ. ಬದಲಿಗೆ ತೂಕ ಏರುತ್ತದೆ, ಎತ್ತರ ಕುಗ್ಗುತ್ತದೆ, ಮೂಳೆ ಸವೆಯುತ್ತದೆ. ಇದನ್ನೆಲ್ಲ ಬಿಚ್ಚಿಟ್ಟು, ಏಕಾಏಕಿ ಮಾತ್ರೆ ಬಿಟ್ಟರೆ ಪ್ರಾಣಾಪಾಯ ಎಂದು ಒತ್ತಿ ಹೇಳಿ, ಒಪ್ಪಿಗೆ ಪಡೆದೆವು.

ವ್ಯಾಯಾಮದ ವಿಷಯದಲ್ಲಿ ತಂದೆಯೊಂದಿಗೆ ದೀರ್ಘ ಮಾತುಕತೆ ಆಯಿತು. ಕಾಲು ಬಲವಾಗಲೆಂದು ಅವರು ದಿನವೂ ಮಗನನ್ನು ಮೆಟ್ಟಿಲು ಹತ್ತಿಸಿ ಇಳಿಸುತ್ತಿದ್ದರು. ಪ್ರೀತಿಯಿಂದ ಮಾಡಿದ ಕೆಲಸ. ಆದರೆ ಮೆಟ್ಟಿಲು ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗುತ್ತದೆ. ಸ್ನಾಯು ಕುಗ್ಗುತ್ತ ಕೆಲಸ ಮಾಡುವಾಗಿಗಿಂತ ಹೀಗೆ ಹಿಗ್ಗುತ್ತ ಕೆಲಸ ಮಾಡುವಾಗ ಪೊರೆಯ ಮೇಲಿನ ಎಳೆತ ಹೆಚ್ಚು, ಡಿಸ್ಟ್ರೋಫಿನ್ ಇಲ್ಲದ ನಾರು ಅದನ್ನು ತಾಳದು. ನೀರಿನಲ್ಲಿ ಆಡುವುದು, ಸಮತಟ್ಟಿನಲ್ಲಿ ನಡೆಯುವುದು, ಹಿಮ್ಮಡಿಯ ಸ್ನಾಯುರಜ್ಜು ಗಿಡ್ಡವಾಗದಂತೆ ದಿನವೂ ಪಾದವನ್ನು ಮೃದುವಾಗಿ ಹಿಗ್ಗಿಸುವುದು, ರಾತ್ರಿ ಪಾದಕ್ಕೆ ಸ್ಪ್ಲಿಂಟ್ ಇವು ಬಂದವು. ಸಾರ್ಕೋಮಿಯರಿನ ಚಿತ್ರ ಬರೆದು ತೋರಿಸಿದ ಮೇಲೆ ತಂದೆ ಮೆಟ್ಟಿಲಿನ ಅಭ್ಯಾಸ ಬಿಟ್ಟರು. ಬರೀ 'ಬೇಡ' ಎಂದಿದ್ದರೆ ಬಿಡುತ್ತಿರಲಿಲ್ಲವೆಂದು ಅವರೇ ಹೇಳಿದರು.

ಅರಿವಳಿಕೆಯ ಎಚ್ಚರಿಕೆ ಬರೆದ ಚೀಟಿಯೊಂದು ಮಗುವಿನ ಬ್ಯಾಗಿನಲ್ಲಿ ಸದಾ ಇರುತ್ತದೆ. ಅದರಲ್ಲೇ ಇನ್ನೊಂದು ಸಾಲೂ ಇದೆ: ಎಸ್‌ಜಿಪಿಟಿ ಹೆಚ್ಚಿರುವುದು ಸ್ನಾಯುವಿನಿಂದ, ಲಿವರ್ ನೋಡಬೇಕಾದರೆ ಜಿಜಿಟಿ ಮತ್ತು ಬಿಲಿರುಬಿನ್ ನೋಡಿ. ಎರಡು ವರ್ಷದ ಬಳಿಕ ಅವನು ನಡೆಯುತ್ತಿದ್ದಾನೆ, ಶಾಲೆಗೆ ಹೋಗುತ್ತಿದ್ದಾನೆ. ನೆಲದಿಂದ ಏಳಲು ಹಿಡಿಯುವ ಹೊತ್ತು ಮೊದಲ ಭೇಟಿಯಲ್ಲಿದ್ದಷ್ಟೇ ಇದೆ. ಈ ವಯಸ್ಸಿನಲ್ಲಿ ಅದನ್ನು ನಾವು ಗಳಿಕೆ ಎಂದೇ ಎಣಿಸುತ್ತೇವೆ. ಎಕೋ ಸಹಜ. ತೂಕ ಏರಿದೆ, ಅದರ ಮೇಲೆ ಕಣ್ಣಿಟ್ಟಿದ್ದೇವೆ. ಎಸ್‌ಜಿಪಿಟಿ ಈಗಲೂ ಹೆಚ್ಚೇ ಇದೆ.

ನಮ್ಮ ವಿಭಾಗದಲ್ಲಿ ಈಗ ಒಂದು ನಿಯಮ ಮಾಡಿಕೊಂಡಿದ್ದೇವೆ. ಕಾರಣ ತಿಳಿಯದೆ ಎಸ್‌ಜಿಪಿಟಿ ಏರಿದ ಯಾವ ಮಗುವಿಗೂ ಸಿಪಿಕೆ ನೋಡದೆ ಲಿವರ್ ಬಯಾಪ್ಸಿಯ ಮಾತೆತ್ತುವಂತಿಲ್ಲ. ಜೊತೆಗೆ, ಮಗುವನ್ನು ಹಾಸಿಗೆಯ ಮೇಲೆ ಪರೀಕ್ಷಿಸುವ ಮೊದಲು ನೆಲದಲ್ಲಿ ಕೂರಿಸಿ ಏಳಿಸಬೇಕು. ಬ್ರಿಟನ್ನಿನ ವೈದ್ಯ ವಿಲಿಯಂ ಗೋವರ್ಸ್ 1879ರಲ್ಲೇ ವರ್ಣಿಸಿದ ಲಕ್ಷಣ ಅದು. ಅದಕ್ಕೆ ಯಂತ್ರ ಬೇಡ, ಖಾಲಿ ನೆಲ ಸಾಕು.

ತಾಯಿಯ ಪರೀಕ್ಷೆಯಲ್ಲಿ ಅದೇ ಲೋಪ ಒಂದು ಎಕ್ಸ್ ವರ್ಣತಂತುವಿನಲ್ಲಿ ಸಿಕ್ಕಿತು. ಈ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಇಬ್ಬರಿಗೆ ಲೋಪ ತಾಯಿಯಿಂದ ಬರುತ್ತದೆ, ಉಳಿದವರಲ್ಲಿ ಹೊಸದಾಗಿ ಹುಟ್ಟುತ್ತದೆ. "ನನ್ನಿಂದಲೇ ಬಂತಾ?" ಎಂದು ಆಕೆ ಕೇಳಿದಾಗ, ಯಾರೂ ಆರಿಸಿಕೊಂಡು ಕೊಡುವಂಥದ್ದಲ್ಲಮ್ಮ ಇದು ಎಂದು ಹೇಳಿ, ಆಕೆಯ ಹೃದಯದ ಮಾತು ತೆಗೆದೆ. ಒಂದು ಎಕ್ಸ್ ವರ್ಣತಂತುವಿನಲ್ಲಿ ಮಾತ್ರ ಲೋಪವಿರುವ, ಅಂದರೆ ವಾಹಕರಾದ, ಹೆಂಗಸರ ಹೃದಯ ಸ್ನಾಯುವಿನ ಕೆಲವು ಕೋಶಗಳಲ್ಲಿ ಡಿಸ್ಟ್ರೋಫಿನ್ ಇರುವುದಿಲ್ಲ, ಅವರಲ್ಲಿ ಕೆಲವರಿಗೆ ನಡುವಯಸ್ಸಿನಲ್ಲಿ ಹೃದಯ ದುರ್ಬಲವಾಗಬಹುದು. ಆಕೆಯ ಎಕೋ ಸರಿಯಿದೆ, ಕೆಲವು ವರ್ಷಗಳಿಗೊಮ್ಮೆ ಮರಳಿ ಮಾಡಿಸಬೇಕು. ಆಕೆಯ ತಂಗಿಯೂ ಪರೀಕ್ಷೆ ಮಾಡಿಸಿಕೊಂಡರು, ಲೋಪ ಇಲ್ಲ. ಹುಡುಗನ ಅಕ್ಕ ಇನ್ನೂ ಚಿಕ್ಕವಳು. ಅವಳ ವಾಹಕ ಪರೀಕ್ಷೆಯನ್ನು ಈಗ ಮಾಡಿಸಿಲ್ಲ. ತಿಳಿದುಕೊಳ್ಳಬೇಕೋ ಬೇಡವೋ ಎಂದು ಅವಳೇ ಹೇಳುವ ವಯಸ್ಸು ಬಂದಾಗ ಮಾತಾಡಬೇಕು ಎಂದು ಮನೆಯವರು ಒಪ್ಪಿದ್ದಾರೆ, ಕಡತದಲ್ಲೂ ಹಾಗೇ ಬರೆದಿದೆ.